ಪಾಲಕ್ ಎಲೆಗೆ ಬ್ಯಾಟ್ರಿ ಬಿಟ್ಟವಳು

ಇದು ಆಗುವ ಮಾತೇ ಅಲ್ಲ ಎಂದು ಮೊದಲು ಹೇಳಿದವನು ನಮ್ಮ ಸೋದರಮಾವ ಈರಪ್ಪ. ಹೈದರಾಬಾದಿನ ಮೆಹದಿಪಟ್ಟಣಂ ಮಾರ್ಕೆಟ್ಟಿನಲ್ಲಿ ಅವನದು ಸೊಪ್ಪಿನ ಸಗಟು ವ್ಯಾಪಾರ. ಹುಡುಗನಾಗಿದ್ದಾಗಲೇ ರಾಯಚೂರು ಕಡೆಯಿಂದ ಬಂದು, ಪಾಲಕ್, ಮೆಂತ್ಯ, ಪುಂಡಿಪಲ್ಲೆಗಳ ನಡುವೆಯೇ ತಲೆ ನರೆಸಿಕೊಂಡವನು. ಅವನು ಹೇಳಿದ್ದು ಹೀಗೆ:

“ಎಲಿ ಮ್ಯಾಲ ಬ್ಯಾಟ್ರಿ ಬಿಟ್ಟು ಅದರ ಹೊಟ್ಟ್ಯಾಗಿನ ವಿಷ ಹೇಳ್ತೀ? ಅದು ಆಗೂದಲ್ಲ. ಅದರ ಮ್ಯಾಲೆ ಪುಸ್ತಕ ಬರದು ಡಾಕ್ಟರ್ ಬ್ಯಾರೆ ಆಗ್ತೀನಿ ಅಂತೀ. ಅದಂತೂ ಆಗೂದೇ ಅಲ್ಲ.”

“ಬ್ಯಾಟ್ರಿ ಅಲ್ಲ ಮಾವಾ, ಸೂರ್ಯನ ಬೆಳಕು,” ಅಂದೆ.

“ಸೂರ್ಯನ ಬೆಳಕು ನನ್ನ ಅಂಗಡಿ ಮುಂದೂ ಬೀಳತೈತಿ. ನನಗ ಮಾತ್ರ ಏನೂ ಹೇಳವಲ್ದು?”

ಈ ಒಂದು ಪ್ರಶ್ನೆಗೆ ಉತ್ತರ ಕೊಡಲು ನನ್ನ ನೌಕರಿಯ ಒಳ್ಳೆಯ ವರ್ಷಗಳೆಲ್ಲ ಬೇಕಾದವು. ಈಗ ನಿವೃತ್ತಳಾಗಿ ಮಣಿಕೊಂಡದ ಮನೆಯಲ್ಲಿ ಕೂತಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಡ್ರೋನ್ ಹಾರಿಸಿ, ಎಸಿ ರೂಮಿನಲ್ಲಿ ಕೂತು, ಹೊಲದ ಬಣ್ಣ ಬಣ್ಣದ ನಕ್ಷೆ ನೋಡುತ್ತಾರೆ. “ಮೇಡಂ, ಆವಾಗ ಹೆಂಗ್ ಮಾಡ್ತಿದ್ರಿ?” ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ವಿಷಯ ಬರೆಯುವುದಿಲ್ಲ. ಅದು ತಡವಾಗಿ ಬಂತು. ಬಂದಾಗ ಕುರ್ಚಿ ಬದಲಾಯಿತು, ಗಡಗಡ ಎನ್ನುವ ಫ್ಯಾನು ಬದಲಾಗಲಿಲ್ಲ.

ನನ್ನ ಹೆಸರು ಶರಣಮ್ಮ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗಳು ನಾನು. ಊರಲ್ಲಿ ಕಾಲೇಜಿಲ್ಲ ಎಂದು ಅವ್ವ ನನ್ನನ್ನು ತನ್ನ ತಮ್ಮ ಈರಪ್ಪನ ಮನೆಗೆ ಕಳಿಸಿದಳು. ನಸುಕಿನಲ್ಲಿ ಮಾವನ ಅಂಗಡಿಯಲ್ಲಿ ಸೊಪ್ಪಿನ ಸಿವುಡು ಕಟ್ಟಿ, ಉಗುರೊಳಗಿನ ಮಣ್ಣು ಹಾಗೆಯೇ ಇಟ್ಟುಕೊಂಡು ಪ್ರಾಕ್ಟಿಕಲ್ ಕ್ಲಾಸಿಗೆ ಓಡುತ್ತಿದ್ದೆ. ಸಸ್ಯಶಾಸ್ತ್ರದ ಮೇಡಮ್ಮು ನನ್ನ ಕೈ ನೋಡಿ, “ನೀನೊಬ್ಬಳೇ ಪಾಠಕ್ಕೆ ತಯಾರಾಗಿ ಬರ್ತೀಯ,” ಎನ್ನುತ್ತಿದ್ದರು. ಹೊಗಳಿಕೆಯೋ ಬೈಗುಳವೋ ಇವತ್ತಿಗೂ ಗೊತ್ತಿಲ್ಲ. ಬಿ.ಎಸ್ಸಿ. ಆಯಿತು, ಊರ ಹೊರಗಿದ್ದ ಒಂದು ಬೆಳೆ ಸಂಶೋಧನಾ ಕಚೇರಿಯಲ್ಲಿ ಕ್ಷೇತ್ರ ಸಹಾಯಕಿಯ ಕೆಲಸ ಸಿಕ್ಕಿತು, ಕೆಲಸ ಮಾಡುತ್ತಲೇ ಎಂ.ಎಸ್ಸಿ. ಮುಗಿಸಿದೆ. ಮಾವ ಪೇಡೆ ಹಂಚಿದ. ಹಂಚುತ್ತ ಎಲ್ಲರಿಗೂ, “ಸರಕಾರಿ ಹೊಲದಾಗ ಕಳೆ ತಗಿಯೂ ಕೆಲಸ ಸಿಕ್ಕೈತಿ,” ಎಂದು ಹೇಳಿದ.

ನನ್ನ ಮೇಲಧಿಕಾರಿ ರಾವ್ ಸಾಹೇಬರು. ಗಿಡ್ಡ ಆಳು, ದೊಡ್ಡ ದನಿ. ಅವರು ಆಡುತ್ತಿದ್ದುದು ತೆಲುಗು, ಇಂಗ್ಲಿಷು ಬೆರೆಸಿದ ಮಾತು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ. ಊರೆಲ್ಲ ಕಂಪ್ಯೂಟರ್ ಕಂಪ್ಯೂಟರ್ ಎಂದು ಕುಣಿಯುತ್ತಿದ್ದ ಕಾಲ ಅದು. ಬಂಡೆ ಒಡೆದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿತ್ತು. ಊರು ಬೆಳೆದ ಹಾಗೆ ಊರಿನ ಕೊಳಕೂ ಬೆಳೆದು, ಮೂಸಿ ನದಿಯ ದಂಡೆಯ ಸೊಪ್ಪಿನ ಮಡಿಗಳಿಗೆ ಎಲ್ಲೆಲ್ಲಿಯದೋ ನೀರು ಹರಿದು ಬರುತ್ತಿತ್ತು. ಆ ನೀರಿನಲ್ಲಿ ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳಿದ್ದರೆ ಅವು ಬೇರಿನಿಂದ ಎಲೆಗೆ, ಎಲೆಯಿಂದ ನಮ್ಮ ಹೊಟ್ಟೆಗೆ ಬರುತ್ತವೆ. ಅದನ್ನು ಕಂಡುಹಿಡಿಯುವುದು ಹೇಗೆ ಎಂಬುದೇ ನಮ್ಮ ಕೆಲಸ.

ಹಳೆಯ ಪದ್ಧತಿ ಹೀಗಿತ್ತು: ಸೊಪ್ಪು ಕಿತ್ತು ತರುವುದು, ತೊಳೆದು ಒಣಗಿಸುವುದು, ಸುಟ್ಟು ಬೂದಿ ಮಾಡುವುದು, ಬೂದಿಯನ್ನು ಆಸಿಡ್ಡಿನಲ್ಲಿ ಕರಗಿಸುವುದು, ಕರಗಿದ್ದನ್ನು ಇನ್ನೊಂದು ಕಚೇರಿಯ ಯಂತ್ರಕ್ಕೆ ಕಳಿಸಿ ಕಾಯುವುದು. ಉತ್ತರ ನಿಖರವಾಗಿಯೇ ಬರುತ್ತಿತ್ತು. ಆದರೆ ಅದು ಬರುವುದರೊಳಗೆ ಆ ಮಡಿಯ ಪಾಲಕ್ ಯಾರದೋ ಮನೆಯಲ್ಲಿ ಬೇಳೆಯ ಜೊತೆ ಬೆಂದು ಪಪ್ಪು ಆಗಿ, ಉಂಡವರು ಕೈ ತೊಳೆದು ಎಷ್ಟೋ ದಿನ ಆಗಿರುತ್ತಿತ್ತು.

ರಾವ್ ಸಾಹೇಬರ ಪದ್ಧತಿ ಬೇರೆ. ಆರೋಗ್ಯವಂತ ಎಲೆ ಬೆಳಕನ್ನು ಕುಡಿಯುತ್ತದೆ. ಕೆಂಪು, ನೀಲಿಯನ್ನು ಗಟಗಟ ಕುಡಿದು, ಹಸಿರನ್ನು ಒಂದಿಷ್ಟು ಉಗುಳುತ್ತದೆ. ನಮ್ಮ ಕಣ್ಣಿಗೆ ಕಾಣದ ಇನ್ನೊಂದು ಬೆಳಕನ್ನಂತೂ ಪೂರಾ ವಾಪಸ್ ಎಸೆಯುತ್ತದೆ. ಬೇರಿಗೆ ಲೋಹ ಹತ್ತಿದರೆ ಎಲೆಯ ಕುಡಿತ ಕಡಿಮೆಯಾಗುತ್ತದೆ. ನಮ್ಮ ಕಣ್ಣಿಗೆ ಎಲೆ ಇನ್ನೂ ಹಸಿರಾಗಿಯೇ ಕಾಣುತ್ತಿರುವಾಗಲೇ ಈ ಲೆಕ್ಕ ತಪ್ಪಿರುತ್ತದೆ. ಎಲೆಯಿಂದ ವಾಪಸ್ ಬರುವ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ಅಳೆಯುವ ಯಂತ್ರ ನಮ್ಮಲ್ಲಿತ್ತು. ಬೆನ್ನಿಗೆ ಪೆಟ್ಟಿಗೆ, ಪೆಟ್ಟಿಗೆಯಿಂದ ಒಂದು ವಯರು, ವಯರಿನ ತುದಿಯಲ್ಲಿ ಪಿಸ್ತೂಲಿನಂಥ ಹಿಡಿಕೆ.

ಅದರ ಜೊತೆಗೆ ಒಂದು ಬಿಳಿ ತಾಟು. ಅಂಗೈಗಿಂತ ಸ್ವಲ್ಪ ದೊಡ್ಡದು. ಬೀಳುವ ಬೆಳಕನ್ನೆಲ್ಲ ವಾಪಸ್ ಕೊಡುವಂಥ ಅಪ್ಪಟ ಬಿಳಿ, ವಿದೇಶದಿಂದ ತರಿಸಿದ್ದು. ಎಲೆ ನೋಡುವ ಮೊದಲು ಯಂತ್ರಕ್ಕೆ ಆ ತಾಟು ತೋರಿಸಿ, “ನೋಡಪ್ಪಾ, ಬಿಳಿ ಅಂದರೆ ಇದು,” ಎಂದು ಹೇಳಬೇಕು. ಆಮೇಲೆ ನೋಡಿದ್ದನ್ನೆಲ್ಲ ಯಂತ್ರ ತಾಟಿನ ಜೊತೆ ಹೋಲಿಸಿ ಹೇಳುತ್ತದೆ. ಈ ತಾಟಿನ ಮಾತು ನೆನಪಿಟ್ಟುಕೊಳ್ಳಿ.

ಮಾವನಿಗೆ ನಂಬಿಕೆ ಬರಲಿ ಎಂದು ಒಂದು ಸಲ ರಾವ್ ಸಾಹೇಬರೇ ಅಂಗಡಿಗೆ ಬಂದರು. ಕೈಯಲ್ಲಿ ಪಾಲಕ್ಕಿನ ಎರಡು ಸಿವುಡು. ಒಂದು ಶುದ್ಧ ನೀರಿನಲ್ಲಿ ಬೆಳೆದದ್ದು, ಇನ್ನೊಂದು ನಾವೇ ಕುಂಡಕ್ಕೆ ಕ್ಯಾಡ್ಮಿಯಂ ಹಾಕಿ ಬೆಳೆಸಿದ್ದು. “ಈರಪ್ಪಗಾರು, ಇದರಲ್ಲಿ ಚೊಲೋದು ಯಾವುದು?”

ಮಾವ ಎರಡನ್ನೂ ಎತ್ತಿ, ಮೂಸಿ, ದಂಟು ಮುರಿದು, ಕಿವಿಯ ಹತ್ತಿರ ಹಿಡಿದು ‘ಚಟ್’ ಎಂಬ ಸಪ್ಪಳ ಕೇಳಿ, ಒಂದನ್ನು ಮುಂದೆ ಇಟ್ಟ. “ಇದು. ಕಣ್ಣು ಮುಚ್ಚಿ ಹೇಳ್ತೀನಿ.”

ಅದು ವಿಷದ್ದು. ಸಾಹೇಬರು ಹೇಳಿದಾಗ ಮಾವ ಸಿವುಡನ್ನು ಮತ್ತೊಮ್ಮೆ ತಿರುಗಿಸಿ ನೋಡಿದ. ಆಮೇಲೆ, “ವಿಷ ತಿಂದೂ ಇಷ್ಟು ಚಂದ ಬಂದೈತಿ ಅಂದ್ರ, ನೋಡ್ರಿ ಮತ್ತ, ಎಂಥಾ ಗಟ್ಟಿ ಜಾತಿ!” ಅಂದ. ಒಪ್ಪಿಕೊಳ್ಳುವ ಜಾಯಮಾನ ಅವನದಲ್ಲ.

ಇನ್ನು ಬಟ್ಟೆಯ ವಿಷಯ. ನಮ್ಮ ಮೈಮೇಲಿನ ಬಟ್ಟೆಯ ಬಣ್ಣ ಎಲೆಯ ಮೇಲೆ ಬಿದ್ದರೂ ಅಳತೆ ಕೆಡುತ್ತದೆ. ಹಳದಿ ಸೀರೆ ಉಟ್ಟು ಹೋದರೆ ಇಡೀ ಹೊಲಕ್ಕೆ ಕಾಮಾಲೆ. ಅದಕ್ಕೇ ಹೊಲಕ್ಕೆ ಹೋಗುವಾಗ ಅಡಿಯಿಂದ ಮುಡಿಯವರೆಗೆ ಕರಿ ಬಟ್ಟೆ ತೊಡಬೇಕು. ಅಳತೆಗೆ ಸೂರ್ಯ ನೆತ್ತಿಯ ಮೇಲೇ ಇರಬೇಕು. ಹೈದರಾಬಾದಿನ ಏಪ್ರಿಲ್ ಬಿಸಿಲಿನಲ್ಲಿ, ಮಟಮಟ ಮಧ್ಯಾಹ್ನ, ಕರಿ ಕೋಟು, ಕರಿ ಸ್ಕಾರ್ಫು, ಕರಿ ಕನ್ನಡಕ. ಬಿಳಿ ತಾಟು ಬಿಸಿಲಲ್ಲಿ ಕಣ್ಣು ಕುಕ್ಕುತ್ತಿದ್ದುದರಿಂದ ಕನ್ನಡಕವಿಲ್ಲದೆ ನಡೆಯುತ್ತಿರಲಿಲ್ಲ.

ಹೀಗೆ ಸಾಹೇಬರೂ ನಾನೂ ಮೊದಲ ಸಲ ಮೂಸಿ ದಂಡೆಗೆ ಇಳಿದೆವು. ಐಟಿ ಬಂದಮೇಲೆ ಭೂಮಿಯ ಬೆಲೆ ಆಕಾಶಕ್ಕೆ ಹೋಗಿ, ಅಲ್ಲಿ ಮನೆಗೊಂದು ಕೋರ್ಟು ವ್ಯಾಜ್ಯ ಹುಟ್ಟಿಕೊಂಡಿತ್ತು. ಕರಿ ಕೋಟಿನ ಇಬ್ಬರು, ಜೊತೆಗೆ ಮೂರು ಕಾಲಿನ ಸ್ಟ್ಯಾಂಡು. ಅರ್ಧ ಜನ ಸರ್ವೇದವರು ಬಂದರೆಂದು ಓಡಿಹೋದರು. ಉಳಿದ ಅರ್ಧ ಜನ ವಕೀಲರು ಬಂದರೆಂದು ಓಡಿಬಂದರು. ಯಾದಮ್ಮ ಎಂಬ ಸೊಪ್ಪಿನ ಹೊಲದ ಹೆಂಗಸು ನನ್ನ ಕೈ ಬಿಡಲೇ ಇಲ್ಲ.

“ಲಾಯರಮ್ಮಾ, ನಮ್ಮ ಮೈದುನ ಕಾಗದದಲ್ಲಿ ಬಾವಿ ತನ್ನ ಪಾಲಿಗೆ ಬರೆಸಿಕೊಂಡಿದ್ದಾನೆ. ನೀನೇ ಹೇಳು, ಬಾವಿ ಅರ್ಧ ಮಾಡಕ್ಕೆ ಬರುತ್ತಾ?”

“ಅಮ್ಮಾ, ನಾವು ಲಾಯರ್ ಅಲ್ಲ. ನಿಮ್ಮ ಪಾಲಕ್ ನೋಡಕ್ಕೆ ಬಂದಿದ್ದೀವಿ.”

“ನೋಡು, ನೋಡು. ಪಾಲಕ್ಕೂ ನನ್ನ ಪಾಲೇ. ಅದನ್ನೂ ಬರೆದುಕೋ.”

ರಾವ್ ಸಾಹೇಬರು ಯಂತ್ರ ನೆಟ್ಟಗೆ ಹಿಡಿದು ನಿಂತಿದ್ದರೆ, ಅವರ ಹಿಂದೆ ನಾಲ್ಕು ಜನ ತಮ್ಮ ಜಮೀನಿನ ಪಟ್ಟಾ ಪಾಸ್‌ಬುಕ್ ಹಿಡಿದು ಸಾಲಾಗಿ ನಿಂತಿದ್ದರು. ಮುಂದಿನ ಸಲ ಹೋಗುವಾಗ ಕೋಟಿನ ಬದಲು ಕರಿ ನೈಟಿ ಹಾಕಿಕೊಂಡು ಹೋದರೆ ಹೇಗೆ ಎಂದು ನಾನು ಕೇಳಿದೆ. ಸಾಹೇಬರು, “ನೀನು ಹಾಕಿಕೋಮ್ಮಾ, ನಾನೇನು ಮಾಡಲಿ?” ಅಂದರು.

ಪಿಸ್ತೂಲಿನ ಹಿಡಿಕೆಯಿಂದಲೂ ಒಂದು ಪಜೀತಿ ಆಯಿತು. ಹೊಲ ನೋಡಲು ರೈಲಿನಲ್ಲಿ ಹೊರಟಾಗ ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ಒಬ್ಬ ಪೊಲೀಸಪ್ಪ ನನ್ನ ಚೀಲ ಬಿಚ್ಚಿಸಿದ. ಹಿಡಿಕೆ ಹೊರಬಂದಿತು. ಬೆರಳಿನಿಂದ ಒತ್ತುವ ಕುದುರೆಯೂ ಇತ್ತು ಅದಕ್ಕೆ.

“ಯೇ ಕ್ಯಾ ಹೈ, ಅಮ್ಮಾ?”

“ಪಾಲಕ್ ಚೆಕ್ ಕರನೇಕಾ ಮಶೀನ್, ಸಾಬ್.”

ಅವನು ನನ್ನ ಮುಖ ನೋಡಿದ. ಹಿಡಿಕೆ ನೋಡಿದ. ನನ್ನ ಕರಿ ಕೋಟು ನೋಡಿದ. ಕೊನೆಗೆ ತನ್ನ ಮೇಜಿನ ಕೆಳಗಿದ್ದ ಕೈಚೀಲ ಎತ್ತಿ ನನ್ನ ಮುಂದಿಟ್ಟ. ಒಳಗೆ ಮನೆಗೆ ಕೊಂಡ ಕೊತ್ತಂಬರಿ, ಮೆಂತ್ಯ. “ತೋ ಇಸ್ಕು ದೇಖೋ,” ಹಾಗಾದರೆ ಇದನ್ನು ನೋಡು ಎಂದ. ಸ್ಟೇಷನ್ನಿನ ಟ್ಯೂಬ್‌ಲೈಟಿನಲ್ಲಿ ಅಳತೆ ಬರುವುದಿಲ್ಲ, ಸೂರ್ಯ ಬೇಕು ಎಂದರೆ ಯಾರು ಕೇಳುತ್ತಾರೆ? ಮಾವನ ಹಾಗೆ ದಂಟು ಮುರಿದು, ಸಪ್ಪಳ ಕೇಳಿ, “ಮೆಂತ್ಯ ಅಚ್ಛಾ ಹೈ, ಕೊತ್ತಂಬರಿ ಬಾಸಿ,” ನಿನ್ನೆಯದು ಅಂದೆ. ರೈಲು ಸಿಕ್ಕಿತು.

ನಮ್ಮ ಕಚೇರಿಯ ಕುಂಡಗಳ ಅಂಗಳದಲ್ಲಿ ಇನ್ನೊಂದು ನಡೆಯಿತು. ಆ ವರ್ಷ ಒಂದು ಸಾಲಿನ ಕುಂಡಗಳು ಮಾತ್ರ ಮಧ್ಯಾಹ್ನವಾದ ಕೂಡಲೇ ವಿಚಿತ್ರ ಉತ್ತರ ಕೊಡತೊಡಗಿದವು. ಬಂದ ಬೆಳಕಿಗಿಂತ ಎಸೆದ ಬೆಳಕೇ ಹೆಚ್ಚು. ಸಾಹೇಬರಿಗೆ ಖುಷಿಯೋ ಖುಷಿ. ಹೊಸ ಶೋಧ ಎಂದು ಲೇಖನಕ್ಕೆ ಶೀರ್ಷಿಕೆ ಕೂಡ ಹೊಳೆಸಿಕೊಂಡರು. ನಾನು ಆ ಸಾಲಿನಲ್ಲಿ ಬಗ್ಗಿ ಕಳೆ ಕೀಳುವಾಗ ನೋಡುತ್ತೇನೆ, ನನಗೆ ಎರಡು ನೆರಳು. ಒಂದು ಕಾಲ ಬುಡದಲ್ಲಿ, ಇನ್ನೊಂದು ಪಕ್ಕಕ್ಕೆ. ತಲೆ ಎತ್ತಿದರೆ, ಬೇಲಿಯಾಚೆ ಹೊಸದಾಗಿ ಎದ್ದ ಸಾಫ್ಟ್‌ವೇರ್ ಕಟ್ಟಡದ ಗಾಜಿನ ಗೋಡೆ. ಅದರಲ್ಲಿ ಇನ್ನೊಬ್ಬ ಸೂರ್ಯ.

“ಸರ್, ನಮ್ಮ ಪಾಲಕ್ಕಿಗೆ ಎರಡು ಸೂರ್ಯ ಆಗಿದ್ದಾರೆ,” ಅಂದೆ.

ಸಾಹೇಬರು ಹೋಗಿ ತಮ್ಮ ಎರಡು ನೆರಳನ್ನೂ ನೋಡಿದರು. ಕೈ ಎತ್ತಿದರು, ಎರಡೂ ಕೈ ಎತ್ತಿದವು. “ಐಟಿ ಎಲ್ಲದಕ್ಕೂ ಬೆಳಕು ತರುತ್ತೆ ಅಂತಾರಲ್ಲಮ್ಮಾ, ಇದೇ ಇರಬೇಕು,” ಎಂದು ಶೀರ್ಷಿಕೆ ಹೊಡೆದುಹಾಕಿದರು. ಕುಂಡಗಳನ್ನೆಲ್ಲ ಹೊತ್ತು ಆಚೆ ಬದಿಗೆ ಇಟ್ಟವಳು ನಾನು.

ಇಷ್ಟೆಲ್ಲ ಆದಮೇಲೆ, ಒಂದು ದಿನ ಸಾಹೇಬರು, “ಶರಣಮ್ಮಾ, ಅಳೆಯುವುದೆಲ್ಲ ನೀನೇ. ಪಿಎಚ್.ಡಿ.ಗೆ ನೀನೇ ಹೆಸರು ಹಚ್ಚು,” ಅಂದರು. ಮಾವ ಆಗ ಹೇಳಿದ್ದೇ ಮೇಲೆ ಬರೆದ ಮಾತು. ಅತ್ತೆ ಮಾತ್ರ, “ಅಲ್ಲರೀ, ಹುಡುಗಿ ಓದತೈತಿ ಅಂದ್ರ ನಿಮ್ಮ ಅಂಗಡಿ ಗಂಟೇನು ಹೋಗತೈತಿ?” ಎಂದು ಗದರಿದಳು. ಮಾವನ ಸಿಟ್ಟು ಓದಿನ ಮೇಲಲ್ಲ ಎಂದು ನನಗೆ ಗೊತ್ತಿತ್ತು. ನಾನು ಬಿದ್ದರೆ ಮಾರ್ಕೆಟ್ಟಿನಲ್ಲಿ ನಗುತ್ತಾರೆ ಎಂಬ ಹೆದರಿಕೆ ಅವನದು. ಸೊಪ್ಪಿನವರ ಮನೆ ಹುಡುಗಿ ಸೊಪ್ಪಿಗೇ ಡಾಕ್ಟರಾಗಲು ಹೋದಳಂತೆ, ಅದೂ ಆಗಲಿಲ್ಲವಂತೆ ಎಂದು.

ಬರೆದದ್ದು ಮುಗಿಯಿತು. ಕೊನೆಯ ಗಂಟು ಒಂದು ಉಳಿಯಿತು. ಪರೀಕ್ಷಕರಾಗಿ ಬರುವವರು ಹೊರಗಿನ ವಿಶ್ವವಿದ್ಯಾಲಯದ ಹಿರಿಯ ಪ್ರಾಧ್ಯಾಪಕರು. ಅವರು ಬರಿಯ ಕಾಗದ ನಂಬುವವರಲ್ಲ. ತಾವೇ ಒಬ್ಬ ನಂಬಿಗಸ್ಥನನ್ನು ಕಳಿಸಿ ನಮ್ಮ ಅಂಗಳದಲ್ಲಿ ಪಾಲಕ್ ಕುಂಡಗಳನ್ನು ಬೆಳೆಸಿದರು. ಯಾವುದಕ್ಕೆ ಕ್ಯಾಡ್ಮಿಯಂ ಬಿದ್ದಿದೆ, ಯಾವುದಕ್ಕಿಲ್ಲ, ಅವರಿಗೆ ಮಾತ್ರ ಗೊತ್ತು. ಎಲ್ಲವೂ ಕಣ್ಣಿಗೆ ಹಸಿರಾಗಿರುವಾಗಲೇ ನಾನು ಬೆಳಕಿನಿಂದ ಆರಿಸಿ ಹೇಳಬೇಕು. ಹೇಳಿದರೆ ಡಾಕ್ಟರ್. ಹೇಳದಿದ್ದರೆ ಮಾವನ ಮಾತೇ ಖರೆ.

“ಅವರು ಫೇಲ್ ಮಾಡುವ ಕಡೆ ಚಹಾ ಕುಡಿಯುವುದಿಲ್ಲಮ್ಮಾ,” ಎಂದು ಸಾಹೇಬರು ನನ್ನನ್ನು ಹೆದರಿಸಿಟ್ಟರು. “ಅವರ ಅನ್ನ ತಿಂದು ಅವರನ್ನೇ ಹೇಗೆ ಬೀಳಿಸಲಿ ಅಂತಾರೆ. ನನ್ನ ವೈವಾದಲ್ಲಿ ನೀರು ಕೂಡ ಮುಟ್ಟಿರಲಿಲ್ಲ. ಎರಡನೇ ಸಲ ಬರೆಸಿದರು.”

ಪರೀಕ್ಷೆಗೆ ಮುಂಚೆ ಆಯುಧಪೂಜೆ ಬಂತು. ನಮ್ಮ ಕಚೇರಿಯಲ್ಲಿ ಪೂಜೆ ಎಂದರೆ ಜೋರು. ಜೀಪು, ಟ್ರ್ಯಾಕ್ಟರು, ತಕ್ಕಡಿ, ಟೈಪ್‌ರೈಟರು, ಕಂಪ್ಯೂಟರಿನ ಮಾನಿಟರು, ಎಲ್ಲಕ್ಕೂ ಹೂವು, ಅರಿಷಿಣ, ಕುಂಕುಮ. ಮನೆಯವರನ್ನೂ ಕರೆಯುವ ಪದ್ಧತಿ. ಮಾವ, ಅತ್ತೆ ಬಂದರು. ಮಾವ ಹೊಸ ಧೋತ್ರ ಉಟ್ಟು, ಎಲ್ಲವನ್ನೂ ತಿರುತಿರುಗಿ ನೋಡಿ, ಪ್ರಸಾದದ ಪುಟಾಣಿ ತಿಂದು ಹೋದ. ಯಾವತ್ತೂ ಇಲ್ಲದ ಗಾಂಭೀರ್ಯ ಅವನ ಮುಖದಲ್ಲಿತ್ತು. ನಾನು ಅದನ್ನು ಹಬ್ಬದ ಕಳೆ ಎಂದುಕೊಂಡೆ.

ಹಬ್ಬ ಮುಗಿದು ಅಭ್ಯಾಸಕ್ಕೆಂದು ಯಂತ್ರ ಎತ್ತಿಕೊಂಡು ಅಂಗಳಕ್ಕೆ ಹೋದೆ. ತಾಟು ತೋರಿಸಿದೆ, ನಮ್ಮದೇ ಶುದ್ಧ ನೀರಿನ ಕುಂಡ ನೋಡಿದೆ. ರೋಗ. ಪಕ್ಕದ್ದು ನೋಡಿದೆ. ರೋಗ. ವಿಷ ಹಾಕಿದ್ದು ನೋಡಿದೆ. ಮಹಾರೋಗ. ಬೇಲಿಯ ಬೇವಿನ ಗಿಡ, ಗೇಟಿನ ತುಳಸಿ, ಎಲ್ಲಕ್ಕೂ ಲೋಹ ಹತ್ತಿದೆ ಎನ್ನುತ್ತಿದೆ ಯಂತ್ರ. ನಿರ್ದೇಶಕರ ಮೇಜಿನ ಮೇಲಿದ್ದ ಮನಿಪ್ಲಾಂಟನ್ನು ಕದ್ದು ತಂದು ಬಿಸಿಲಿಗಿಟ್ಟೆ. ಬಿಸ್ಲೇರಿ ಬಾಟಲಿಯ ನೀರು ಕುಡಿದು ಬೆಳೆದ ಗಿಡ ಅದು. ಅದಕ್ಕೂ ರೋಗ.

ಎರಡು ನೆರಳಿದೆಯೇ ಎಂದು ಮೊದಲು ನೋಡಿದೆ. ಒಂದೇ ನೆರಳು. ಸಾಹೇಬರು ಬ್ಯಾಟರಿ ಬದಲಾಯಿಸಿದರು, ವಯರು ಬದಲಾಯಿಸಿದರು, ತಾವು ನಿಲ್ಲುವ ಜಾಗ ಬದಲಾಯಿಸಿದರು. ತಾಟು ತೋರಿಸಿ ಮತ್ತೆ ತಾಟನ್ನೇ ಅಳೆದರೆ ಯಂತ್ರದ ಪರದೆಯ ಮೇಲಿನ ಗೆರೆ ನೂಲು ಹಿಡಿದ ಹಾಗೆ ನೆಟ್ಟಗೆ. ಅಂದಮೇಲೆ ಯಂತ್ರ ಸರಿ ಇದೆ. ಯಂತ್ರ ಸರಿ ಇದ್ದರೆ ನಮ್ಮ ಸಿದ್ಧಾಂತವೇ ತಪ್ಪು. “ಇಷ್ಟು ವರ್ಷ ನಾವು ಅಳೆದದ್ದೇನಮ್ಮಾ ಹಾಗಾದರೆ?” ಎಂದು ಸಾಹೇಬರು ಕುಂಡದ ಕಟ್ಟೆಯ ಮೇಲೆ ಕೂತುಬಿಟ್ಟರು. ಅವರ ದೊಡ್ಡ ದನಿ ಅಷ್ಟು ಸಣ್ಣದಾದದ್ದನ್ನು ನಾನು ಮತ್ತೆ ಕೇಳಿಲ್ಲ.

ಪರೀಕ್ಷಕರು ಬರುವುದು ನಾಳಿದ್ದು. ಮನೆಗೆ ಬಂದವಳು ಊಟಕ್ಕೆ ಕೂತು, ತಟ್ಟೆಯಲ್ಲಿದ್ದ ಪಾಲಕ್ ಪಲ್ಯ ನೋಡಿ ಅತ್ತುಬಿಟ್ಟೆ. ಅತ್ತೆ ಹೆದರಿ, “ಉಪ್ಪು ಹೆಚ್ಚಾತೇನವ್ವಾ?” ಅಂದಳು. ನಾನು ಎಲ್ಲ ಹೇಳಿದೆ. ಮಾವ ನಗುತ್ತಾನೆ, ‘ನಾ ಅಂದಿದ್ದಿಲ್ಲೇನು’ ಎನ್ನುತ್ತಾನೆ ಎಂದು ಕಾದೆ. ಅವನು ರೊಟ್ಟಿ ಕೆಳಗಿಟ್ಟ.

“ಎಲ್ಲಾ ಕೆಟ್ಟದ್ದು ಅಂತೈತಾ? ಅದ್ಹೆಂಗ ಆಗತೈತಿ? ಅಷ್ಟು ಭಕ್ತಿಲೆ ಪೂಜಾ ಮಾಡೀನಿ.”

“ಯಾವುದಕ್ಕ ಮಾಡಿದಿ, ಮಾವಾ?”

“ನಿನ್ನ ಸಾಮಾನಕ್ಕ. ಮಂದಿ ಎಲ್ಲಾ ಜೀಪಿಗೆ, ಟ್ರ್ಯಾಕ್ಟರಿಗೆ ಹಚ್ಚಾಕತ್ತಿದ್ರು. ನಿನ್ನ ಪೆಟಿಗಿ ಕಡೆ ಒಬ್ರೂ ತಿರುಗಿ ನೋಡಲಿಲ್ಲ. ನನಗ ಸಂಕಟಾತು. ಪೆಟಿಗಿಗೆ ಹಚ್ಚಿದೆ, ಪಿಸ್ತೂಲಿಗೆ ಹಚ್ಚಿದೆ. ಆ ಬಿಳಿ ತಾಟು ಒಂದು ಡಬ್ಬ್ಯಾಗ ಇತ್ತಲ್ಲ, ನೀ ಯಾವಾಗಲೂ ಎಲ್ಲಾದಕ್ಕೂ ಅದ ಮೂಲ ಅಂತಿದ್ದಿ. ಅದಕ್ಕ ಅರಿಷಿಣ, ಕುಂಕುಮ ಐದೂ ಬಟ್ಟಿಲೆ ಚೊಲೋತಂಗ ಎಳದೆ.”

ನನ್ನ ಕೈಯಲ್ಲಿದ್ದ ತುತ್ತು ಹಾಗೆಯೇ ನಿಂತಿತು. “ಆಮೇಲೆ?”

“ಆಮ್ಯಾಲೆ ಭಾಳ ಕೆಂಪ ಕಾಣಾಕತ್ತು. ಸಾಹೇಬ್ರು ಬೈದಾರು ಅಂತ ನೀರು ಮುಟ್ಟಿಸಿ ಧೋತ್ರದ ಚುಂಗಿನಿಂದ ಒರಸಿದೆ. ಬೆಳ್ಳಗಾತು. ಮುಚ್ಚಿಟ್ಟು ಬಂದೆ.”

ಬೆಳ್ಳಗಾದದ್ದು ಮಾವನ ಕಣ್ಣಿಗೆ. ಡಬ್ಬಿ ಹೊಲ, ಅಂಗಳದಲ್ಲಲ್ಲದೆ ಬೇರೆಲ್ಲೂ ತೆರೆಯಬಾರದು, ಧೂಳು ಕೂರುತ್ತದೆ ಎಂಬುದು ನಮ್ಮ ಕಟ್ಟುನಿಟ್ಟು. ಬಿಸಿಲಿನಲ್ಲಿ ತೆರೆದಾಗ ನಮ್ಮ ಮೂಗಿನ ಮೇಲೆ ಕರಿ ಕನ್ನಡಕ. ತಾಟಿಗೆ ತೆಳ್ಳಗೆ ಹತ್ತಿದ ಗುಲಾಬಿ ಬಣ್ಣವನ್ನು ನಾವಿಬ್ಬರೂ ಕನ್ನಡಕ ತೆಗೆದು ನೋಡಿಯೇ ಇರಲಿಲ್ಲ. ತಾಟು ತಾನೇ ಹಸಿರು, ನೀಲಿ ಬೆಳಕನ್ನು ಕದ್ದು ಕುಡಿಯುತ್ತಿತ್ತು. ಅದನ್ನೇ ಬಿಳಿ ಎಂದು ನಂಬಿದ ಯಂತ್ರಕ್ಕೆ, ಪ್ರತಿ ಎಲೆಯೂ ಆ ಬೆಳಕನ್ನು ಕುಡಿಯಲಾರದೆ ಉಗುಳುತ್ತಿದೆ ಎಂದು ಕಂಡಿತ್ತು. ತಾಟಿನ ಜೊತೆ ತಾಟನ್ನೇ ಹೋಲಿಸಿದರೆ ಗೆರೆ ನೆಟ್ಟಗಿರದೆ ಇನ್ನೇನು?

ನಾನು ಅಳುತ್ತಿದ್ದವಳು ನಗತೊಡಗಿದೆ. ಅತ್ತೆಗೆ ಇದು ಇನ್ನೂ ಹೆದರಿಕೆಯಾಯಿತು. ಮಾವ, “ಕುಂಕುಮ ಹಚ್ಚಿದ್ರ ಕೆಡೂವಂಥಾ ಸಾಮಾನು ಅದೆಂಥಾದ್ದು?” ಎಂದು ಕೇಳಿದ. ದನಿಯಲ್ಲಿ ಸಿಟ್ಟು, ಮುಖದಲ್ಲಿ ಮಾತ್ರ ಜೀವವೇ ಇರಲಿಲ್ಲ.

ಮರುದಿನ ಸಾಹೇಬರು ತಾಟಿನ ಜೊತೆ ಬಂದಿದ್ದ ಸೂಚನೆ ಓದಿದರು. ಕಲೆ ಬಿದ್ದರೆ ಹರಿಯುವ ನೀರಿನಡಿ ಹಿಡಿದು ನಯವಾದ ಮರಳುಕಾಗದ, ಅಂದರೆ ವಾಟರ್ ಪೇಪರಿನಿಂದ ಮೇಲ್ಪದರ ಉಜ್ಜಿ ತೆಗೆಯಬೇಕಂತೆ. ಗೋಡೆಗೆ ಬಣ್ಣ ಬಳಿಯುವವರು ಬಳಸುವ ಅದೇ ವಾಟರ್ ಪೇಪರು. ಅಷ್ಟು ಬೆಲೆಯ ತಾಟನ್ನು ಹಾಗೆ ಉಜ್ಜಲಾರದೆ ಸಾಹೇಬರು ಅದನ್ನು ನನ್ನ ಕೈಗೆ ಕೊಟ್ಟರು. ಮೆಹದಿಪಟ್ಟಣಂನಿಂದ ವಾಟರ್ ಪೇಪರ್ ತಂದವನು ಮಾವ. ಕಚೇರಿಯ ನಲ್ಲಿಯ ಕೆಳಗೆ ನಾನು ಉಜ್ಜಿದೆ. ಅವನು ಪಕ್ಕದಲ್ಲೇ ನಿಂತು, “ಗುಂಡಕ, ಗುಂಡಕ ತಿರುವು. ಆ ಮೂಲ್ಯಾಗ ಇನ್ನೂ ಐತಿ,” ಎಂದು ಹೇಳಿಕೊಡುತ್ತಿದ್ದ. ಕರಿ ಕನ್ನಡಕವಿಲ್ಲದೆ ಬಿಸಿಲಿಗೆ ಹಿಡಿದು ನೋಡಿದೆವು. ಮೂವರ ಕಣ್ಣಲ್ಲೂ ನೀರು ಬಂತು. ಬಿಳಿ ಅಂದರೆ ಅದು. ನಿರ್ದೇಶಕರ ಮನಿಪ್ಲಾಂಟು ಅವತ್ತೇ ಗುಣವಾಯಿತು.

ಪರೀಕ್ಷಕರು ಬಂದರು. ಎತ್ತರದ ಆಳು, ಇಸ್ತ್ರಿ ಮುರಿಯದ ಬಿಳಿ ಸಫಾರಿ. ಸಾಹೇಬರು ಚಹಾ ತಂದರು. ಅವರು ಕೈಯಿಂದಲೇ ಬೇಡ ಎಂದರು. ಸಾಹೇಬರು ನನ್ನ ಕಡೆ ನೋಡಿದ ನೋಟ ಸತ್ತವರ ಮನೆಗೆ ಬಂದವರದು.

ಕುಂಡಗಳ ಹತ್ತಿರ ಹೋದೆವು. ಪ್ರಾಧ್ಯಾಪಕರು ನಾನು ಏನು ಮಾಡುತ್ತೇನೆಂದು ನೋಡಲು ಎಲೆಯ ಮೇಲೆಯೇ ಬಗ್ಗಿ ನಿಂತರು. ಅವರ ಬಿಳಿ ಸಫಾರಿಯ ಬೆಳಕೆಲ್ಲ ನನ್ನ ಪಾಲಕ್ ಮೇಲೆ. ಸಾಹೇಬರು ಹೇಳುವುದಿಲ್ಲ ಎಂದು ಗೊತ್ತಾಯಿತು. ನಾನೇ ಹೇಳಿದೆ:

“ಸರ್, ನೀವು ಇಲ್ಲಿ ನಿಂತರೆ ಎಲೆಗೆ ನಿಮ್ಮದೇ ಬೆಳಕು ಬೀಳುತ್ತದೆ. ದೂರ ಹೋಗಿ, ಇಲ್ಲ ಇದನ್ನು ಹಾಕಿಕೊಳ್ಳಿ.”

ಸಾಹೇಬರ ಕರಿ ಕೋಟು ಕೊಟ್ಟೆ. ಪ್ರಾಧ್ಯಾಪಕರು ಅದನ್ನು ತೊಟ್ಟರು. ಗಿಡ್ಡ ಸಾಹೇಬರ ಕೋಟು ಅವರ ಮೊಣಕೈಗೇ ನಿಂತಿತು. ಬೇಲಿಯಾಚೆ ಹೋಗುತ್ತಿದ್ದ ಒಬ್ಬ ರೈತ ನಿಂತು, ‘ವಕೀಲ್ ಸಾಬ್’ ಎಂದು ಅವರಿಗೆ ನಮಸ್ಕಾರ ಹೊಡೆದ.

ಒಂದೊಂದೇ ಕುಂಡ ನೋಡುತ್ತ ಹೋದೆ. ತಾಟು, ಎಲೆ, ತಾಟು, ಎಲೆ. ಇದಕ್ಕೆ ಲೋಹ ಬಿದ್ದಿದೆ, ಇದಕ್ಕಿಲ್ಲ, ಇದಕ್ಕಿಲ್ಲ, ಇದಕ್ಕಿದೆ. ಅವರು ಎಲ್ಲವನ್ನೂ ತಮ್ಮ ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತ ಬಂದರು. ಕೊನೆಯ ಕುಂಡಕ್ಕೆ ಬಂದಾಗ ಯಂತ್ರದ ಗೆರೆ ನನಗೆ ಅರ್ಥವಾಗಲಿಲ್ಲ. ಎಲೆ ಸರಿ ಕುಡಿಯುತ್ತಿಲ್ಲ, ಅದು ನಿಜ. ಆದರೆ ಲೋಹ ಹತ್ತಿದ ಎಲೆ ತಪ್ಪುವ ಹಾಗೆ ತಪ್ಪಿಲ್ಲ. ಮತ್ತೆ ನೋಡಿದೆ. ಅದೇ. ಬಾಯಿಗೆ ಬಂದದ್ದು ಹೇಳಿಬಿಡೋಣವೆನಿಸಿತು. ಅರ್ಧಕ್ಕರ್ಧ ಅದೃಷ್ಟ. ಆಗ ಮಾವ ನೆನಪಾದ. ಕಣ್ಣು ಮುಚ್ಚಿ ಹೇಳ್ತೀನಿ ಎಂದು ವಿಷದ ಸಿವುಡು ಎತ್ತಿದವನು.

“ಇದು ಹುಷಾರಿಲ್ಲ, ಸರ್. ಆದರೆ ಲೋಹದಿಂದಲೋ, ಬೇರೆ ಯಾವುದರಿಂದಲೋ ನನಗೆ ಗೊತ್ತಾಗುತ್ತಿಲ್ಲ. ಬೆಳಕು ಅಷ್ಟೇ ಹೇಳುತ್ತಿದೆ. ಇದನ್ನು ಹಳೆಯ ಪದ್ಧತಿಯಲ್ಲೇ ಸುಟ್ಟು ನೋಡಬೇಕು.”

ಸಾಹೇಬರು ಕಣ್ಣು ಮುಚ್ಚಿಕೊಂಡರು. ಪ್ರಾಧ್ಯಾಪಕರು ಮೊಣಕೈಗೆ ನಿಂತ ಕೋಟನ್ನು ಬಿಚ್ಚಿ, ಮಡಚಿ, ಸಾಹೇಬರ ಕೈಗೆ ಕೊಟ್ಟರು.

“ಅದಕ್ಕೆ ಲೋಹ ಹಾಕಿಸಿಲ್ಲ. ಗೊಬ್ಬರ ನಿಲ್ಲಿಸಿ ಉಪವಾಸ ಕೆಡವಿಸಿದ್ದೆ,” ಅಂದರು. “ಎಲ್ಲ ಗೊತ್ತಾಗುತ್ತೆ ಅಂತ ನೀವು ಹೇಳಿದ್ದರೆ ನಾನು ಈಗಲೇ ಹೊರಟುಬಿಡುತ್ತಿದ್ದೆ.” ಆಮೇಲೆ ಸಾಹೇಬರ ಕಡೆ ತಿರುಗಿ, “ಆ ಚಹಾ ಇನ್ನೂ ಇದೆಯಾ, ರಾವ್?”

ಸಾಹೇಬರು ಓಡಿದರು. ಆ ವಯಸ್ಸಿನಲ್ಲಿ, ಆ ಮೈಯಲ್ಲಿ, ಅಷ್ಟು ಜೋರಾಗಿ ಓಡಿದ ಮನುಷ್ಯನನ್ನು ನಾನು ಕಂಡಿಲ್ಲ. ಎರಡು ಕಪ್ಪು ತಂದು ಎರಡನ್ನೂ ಪ್ರಾಧ್ಯಾಪಕರ ಕೈಗೇ ಕೊಟ್ಟರು.

ಹೊಸಬರಿಗೆ ಒಂದೆರಡು ಮಾತು ಹೇಳಬೇಕಿತ್ತು, ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಡ್ರೋನಿಗೂ ಒಂದು ಬಿಳಿ ತಾಟು ಇರುತ್ತದೆ. ಹೊರಡುವ ಮೊದಲು ಕನ್ನಡಕ ತೆಗೆದು ಅದನ್ನು ನೋಡಿ. ನಿಮ್ಮ ನೆರಳು ಎಷ್ಟಿವೆ ಎಂದೂ ನೋಡಿಕೊಳ್ಳಿ. ಎಲೆ ಹೇಳದ್ದನ್ನು ನೀವು ಹೇಳಬೇಡಿ. ರೈತರು ವಕೀಲರೆಂದುಕೊಂಡರೆ ಬೇಸರ ಬೇಡ, ಅವರ ಮಾತು ಕೇಳಿ. ಯಾದಮ್ಮನ ಬಾವಿಯ ನೀರು ಶುದ್ಧವಾಗಿತ್ತು ಎಂದು ನಮಗೆ ತಿಳಿದದ್ದು, ಅವಳು ನಮ್ಮನ್ನು ಎಳೆದುಕೊಂಡು ಹೋಗಿ ಆ ಬಾವಿ ತೋರಿಸಿದ್ದರಿಂದ. ಆ ನೀರು ಕುಡಿದ ಅವಳ ಮಡಿಗಳು ಮಾತ್ರ ಆ ದಂಡೆಯಲ್ಲಿ ಚೆನ್ನಾಗಿದ್ದವು. ಬಾವಿ ಯಾರ ಪಾಲಿಗೆ ಹೋಯಿತೋ ನನಗೆ ಗೊತ್ತಿಲ್ಲ.

ಘಟಿಕೋತ್ಸವದ ದಿನ ಮಾವ ಅಂಗಡಿ ಮುಚ್ಚಿ ಬಂದ. ಅವನು ಅಂಗಡಿ ಮುಚ್ಚಿದ್ದನ್ನು ಮಾರ್ಕೆಟ್ಟಿನವರು ಅದಕ್ಕೂ ಮೊದಲು ಕಂಡಿರಲಿಲ್ಲ. ಅತ್ತೆ, ಊರಿಂದ ಬಂದ ಅವ್ವ, ಅವನು, ಮೂವರೂ ಹಿಂದಿನ ಸಾಲಿನಲ್ಲಿ. ವೇದಿಕೆಯ ಮೇಲೆ ನನ್ನ ಹೆಸರು ಕರೆದರು. ಹೆಸರಿನ ಮುಂದೆ ‘ಡಾಕ್ಟರ್’ ಎಂದರು. ನನಗಿಂತ ಮೊದಲು ಎದ್ದು ನಿಂತವನು ಮಾವ. ಸರ್ಟಿಫಿಕೇಟು ನನ್ನ ಕೈಗೆ ಬಂತು. ಕೆಳಗಿಳಿದು ಬಂದು ಅವ್ವನಿಗೆ ಕೊಟ್ಟೆ. ಅವ್ವ ಅದನ್ನು ಕಣ್ಣಿಗೊತ್ತಿಕೊಂಡು ತಮ್ಮನ ಕೈಗೆ ಕೊಟ್ಟಳು. ಮಾವ ಅದನ್ನು ಎರಡೂ ಕೈಯಲ್ಲಿ ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿ, ಒಳ್ಳೆಯ ಸಿವುಡು ನೋಡುವವನ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದ. ಓದಲು ಅವನಿಗೆ ಬರುವುದಿಲ್ಲ. ಜೇಬಿನಿಂದ ಒಂದು ಸಣ್ಣ ಕುಂಕುಮದ ಭರಣಿ ತೆಗೆದ. ಮುಚ್ಚಳ ಬಿಚ್ಚಿ, ಬೆರಳು ಅದ್ದಿ, ಹಾಗೆಯೇ ತಡೆದು ನನ್ನ ಮುಖ ನೋಡಿದ.

“ಡಾಕ್ಟರಮ್ಮಾ, ಇದಕ್ಕರ ಹಚ್ಚಬಹುದೋ, ಇಲ್ಲಾ ಇದೂ ಕೆಡತೈತೋ?”